ಎರಡು ಫೋಟೋದ ಪಾಸ್‌ಪೋರ್ಟ್

ಪಾಸ್‌ಪೋರ್ಟ್ ಬಂದದ್ದು ನನ್ನ ಹೆಂಡತಿ ತೀರಿಕೊಂಡ ಮೂರು ವಾರಕ್ಕೆ. ನಾನು ಆಗ ವಿಜಾಪುರ ಜಿಲ್ಲೆಯ ಇಂಡಿ ಎಂಬ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಾಗ ಟಪಾಲಿನವನು ವರ್ಗದ ಬಾಗಿಲಿಗೇ ಬಂದು ನಿಂತ.

“ಮಾಸ್ತರ, ರಿಜಿಸ್ಟರ್ ಬಂದೈತ್ರಿ. ಸರಕಾರದ್ದು ಕಾಣತೈತಿ. ಇಲ್ಲೇ ಸಹಿ ಮಾಡಿಬಿಡ್ರಿ.”

ಕೈಯ ಸೀಮೆಸುಣ್ಣ ಒರೆಸಿಕೊಂಡು ಸಹಿ ಮಾಡಿದೆ. ಲಕೋಟೆ ಒಡೆದದ್ದು ಮಾತ್ರ ಶಾಲೆ ಬಿಟ್ಟ ಮೇಲೆ, ಖಾಲಿ ವರ್ಗದಲ್ಲಿ ಕುಳಿತು. ಆ ಕಾಲದಲ್ಲಿ ಗಂಡ ಹೆಂಡತಿಗೆ ಕೂಡಿ ಒಂದೇ ಪಾಸ್‌ಪೋರ್ಟ್ ಕೊಡುತ್ತಿದ್ದರು. ಎಡಕ್ಕೆ ನನ್ನ ಫೋಟೋ, ಬಲಕ್ಕೆ ಅವಳದು. ವಿಜಾಪುರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಕ್ಯಾಮೆರಾದ ಮುಂದೆ ಕುಳಿತರೆ ಅವಳಿಗೆ ನಗು ತಡೆಯುತ್ತಿರಲಿಲ್ಲ. ಸ್ಟುಡಿಯೋದವನು ಎರಡು ಸಲ ಬೈದ ಮೇಲೆ ತುಟಿ ಬಿಗಿಹಿಡಿದು ಕುಳಿತಳು. ಫೋಟೋ ನೋಡಿದವರಿಗೆ ಅವಳು ಯಾರ ಮೇಲೋ ಸಿಟ್ಟಾಗಿದ್ದಾಳೆ ಅನಿಸುತ್ತದೆ.

ಅವಳು ನನ್ನ ಸೋದರತ್ತೆಯ ಮಗಳು. ತವರು ಸಿಂದಗಿ. ನರ್ಸ್ ತರಬೇತಿ ಮುಗಿಸಿ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಯ ಸರಕಾರಿ ದವಾಖಾನೆಯಲ್ಲಿ ನೌಕರಿಗೆ ಸೇರಿದ್ದಳು. ನಾನು ಇಂಡಿಯಲ್ಲಿ, ಅವಳು ಹಿಪ್ಪರಗಿಯಲ್ಲಿ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ವಿಜಾಪುರದಲ್ಲಿ ಬಸ್ಸು ಬದಲಿಸಿ, ನಾನು ಅವಳ ಮನೆಗೆ ಹೋಗುತ್ತಿದ್ದೆ. ಮದುವೆಯಾಗಿ ಏಳು ವರ್ಷ ನಮ್ಮ ಸಂಸಾರ ಹೀಗೆ ವಾರಕ್ಕೊಮ್ಮೆ ನಡೆಯಿತು. ಮಕ್ಕಳಾಗಿರಲಿಲ್ಲ.

ನಾವು ಬೌದ್ಧರು. ನಾನು ಚಿಕ್ಕವನಿದ್ದಾಗ ಅಪ್ಪ ನಾಗಪುರಕ್ಕೆ ಹೋಗಿ ದೀಕ್ಷೆ ತೆಗೆದುಕೊಂಡು ಬಂದಿದ್ದ. ಹಿಪ್ಪರಗಿಯಲ್ಲಿ ಅವಳಿಗೆ ಕುಡಿಯಲು ನೀರು ಕೊಡುವಾಗ ಹಿಂದುಮುಂದು ನೋಡುವ ಮನೆಗಳಿದ್ದವು. ಸೊಸೆಗೆ ಬೇನೆ ಶುರುವಾದರೆ ಅದೇ ಮನೆಯವರು ಚಕ್ಕಡಿ ಹೂಡಿಕೊಂಡು ಅವಳನ್ನು ಕರೆಯಲು ಬರುತ್ತಿದ್ದರು. ಅವಳು ಹೋಗಿ ಹೆರಿಗೆ ಮಾಡಿಸಿ, ಮನೆಗೆ ಬಂದು ಸ್ನಾನ ಮಾಡಿ ರೇಡಿಯೋ ಹಚ್ಚುತ್ತಿದ್ದಳು.

ಆ ರೇಡಿಯೋ ಅವಳ ಜೀವ. ಮುಂಜಾನೆ ಕೊಲಂಬೋ ಸ್ಟೇಷನ್ನಿನಿಂದ ಹಿಂದಿ ಹಾಡು ಬರುತ್ತಿದ್ದವು. ಪ್ರತಿ ಹಾಡಿಗೂ ಮೊದಲು ಅದನ್ನು ಕೇಳಬಯಸಿದವರ ಹೆಸರನ್ನೂ ಊರನ್ನೂ ಓದುತ್ತಿದ್ದರು. ಅವಳು ತಿಂಗಳಿಗೊಂದಾದರೂ ಕಾರ್ಡ್ ಬರೆಯುತ್ತಿದ್ದಳು. ವಿಜಾಪುರದ ದೊಡ್ಡ ಪೋಸ್ಟ್ ಆಫೀಸಿನಲ್ಲಿ ಹಾಕಿದರೆ ಬೇಗ ಮುಟ್ಟುತ್ತದೆಂದು ಅದನ್ನು ನನ್ನ ಕೈಗೆ ಕೊಡುತ್ತಿದ್ದಳು. ಅವಳ ಕಾರ್ಡ್ ಒಮ್ಮೆಯೂ ಓದಿದ್ದನ್ನು ನಾವು ಕೇಳಲಿಲ್ಲ.

“ಆ ರೇಡಿಯೋದವರ ಬಾಯಾಗ ಹೂವಿನ ಹಿಪ್ಪರಗಿ ಅಂತ ಒಮ್ಮೆ ಕೇಳಬೇಕ್ರೀ,” ಅನ್ನುತ್ತಿದ್ದಳು. “ಹೆಂಗ ಅಂತಾರ ನೋಡಬೇಕು. ನಾಲಿಗಿ ತಿರುಗತೈತೋ ಇಲ್ಲೋ.”

ಕೊಲಂಬೋಕ್ಕೆ ಹೋಗುವ ಆಸೆ ಅಲ್ಲಿಂದಲೇ ಹುಟ್ಟಿದ್ದು. ಬಂಧುಗಳಿಗೆ ನಾವು ಬುದ್ಧನ ಗುಡಿ ನೋಡಲು ಹೋಗುತ್ತೇವೆ ಎಂದು ಹೇಳಿದ್ದೆವು. ಅದೂ ಸುಳ್ಳಲ್ಲ. ಆದರೆ ಅವಳಿಗೆ ಮೊದಲು ನೋಡಬೇಕಾಗಿದ್ದದ್ದು ಆ ರೇಡಿಯೋ ಸ್ಟೇಷನ್. ಹಿಂದಿನ ವರ್ಷದ ಬೇಸಿಗೆಯಲ್ಲೇ ಹೋಗೋಣ ಎಂದು ಹಟ ಹಿಡಿದಳು. ಪರೀಕ್ಷೆಯ ಪೇಪರು ನೋಡುವ ಕೆಲಸವಿದೆ ಎಂದೆ.

“ಪೇಪರು ಹದಿನೈದು ದಿನದಾಗ ಮುಗೀತಾವಲ್ಲ. ಆಮ್ಯಾಲ?”

“ಮುಂದಿನ ವರ್ಷ ಹೋಗೂಣು. ಕೊಲಂಬೋ ಎಲ್ಲಿ ಓಡಿ ಹೋಗತೈತಿ?”

ಎರಡು ಶನಿವಾರ ಅವಳು ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ನಿಜ ಹೇಳಬೇಕೆಂದರೆ ಪೇಪರು ನೆವ. ನನಗೆ ಹಡಗು ಹತ್ತಲು ಅಂಜಿಕೆ. ಬಾವಿಯಲ್ಲಿ ಈಜಲೂ ಬಾರದ ಮನುಷ್ಯ ನಾನು. ಅದನ್ನು ಹೆಂಡತಿಯ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗಿ ಪೇಪರಿನ ಮೇಲೆ ಹಾಕಿದೆ. ಮಳೆಗಾಲ ಮುಗಿದ ಮೇಲೆ ಅವಳೇ ಪಾಸ್‌ಪೋರ್ಟಿನ ಅರ್ಜಿ ತರಿಸಿ, ತುಂಬಿ, ನನ್ನಿಂದ ಸಹಿ ಮಾಡಿಸಿದಳು.

ಮಾಘ ಮಾಸದಲ್ಲಿ ಹಿಪ್ಪರಗಿಯ ಒಂದು ಓಣಿಯಲ್ಲಿ ಕಾಮಾಲೆ ಬಿತ್ತು. ಮನೆಮನೆಗೆ ಅಡ್ಡಾಡಿ ನೀರು ಕಾಯಿಸಿ ಕುಡಿಯಿರಿ ಎಂದು ಹೇಳಿದವಳಿಗೇ ಅದು ಹತ್ತಿತು. ಶನಿವಾರ ನಾನು ಹೋದಾಗ ಅವಳ ಕಣ್ಣು ಹಳದಿಯಾಗಿದ್ದವು. “ನನಗ ಗೊತ್ತಿಲ್ಲದ ಜಡ್ಡಾ ಇದು? ಆರಾಮ ಆಗತೈತಿ, ನೀವು ಸಾಲಿ ತಪ್ಪಿಸಬ್ಯಾಡ್ರಿ,” ಎಂದಳು. ನಾನು ಸೋಮವಾರ ಇಂಡಿಗೆ ಮರಳಿದೆ. ಗುರುವಾರ ದವಾಖಾನೆಯವರು ಅವಳನ್ನು ಜೀಪಿನಲ್ಲಿ ವಿಜಾಪುರಕ್ಕೆ ಸಾಗಿಸಿದರು. ನಾನು ಮುಟ್ಟುವ ಹೊತ್ತಿಗೆ ಅವಳಿಗೆ ಎಚ್ಚರವಿರಲಿಲ್ಲ. ಎರಡು ದಿನ ಬದುಕಿದ್ದಳು. ನನ್ನನ್ನು ಗುರುತಿಸಲಿಲ್ಲ.

ಪಾಸ್‌ಪೋರ್ಟನ್ನು ಹರಿದು ಹಾಕಬೇಕು ಅನಿಸಿತ್ತು. ಹರಿಯಲು ಕೈ ಬರಲಿಲ್ಲ. ಮುಂದಿನ ಭಾನುವಾರ ಅದನ್ನು ತೆಗೆದುಕೊಂಡು ಸಿಂದಗಿಗೆ ಅತ್ತೆಯ ಬಳಿ ಹೋದೆ. ಆಕೆ ಮಗಳ ಫೋಟೋವನ್ನು ಬಹಳ ಹೊತ್ತು ನೋಡಿದರು.

“ಅತ್ತಿ, ಇದನ್ನ ನೀ ಇಟ್ಕೋ,” ಎಂದೆ.

“ನಾ ಇಟ್ಕೊಂಡು ಏನ್ ಮಾಡ್ಲೋ ಯಪ್ಪಾ? ನೀ ಹೋಗಿ ಬಾ.”

“ಎಲ್ಲಿಗಿ?”

“ಎಲ್ಲಿಗಿ ಹೋಗಬೇಕಂತಿತ್ತಲ್ಲ ಆಕಿ ಜೀವ, ಅಲ್ಲಿಗಿ. ಆಕಿ ಅಂತೂ ಹೋಗಲಿಲ್ಲ. ನೀನರ ನೋಡಿ ಬಂದು ನನಗ ಹೇಳು.”

ಒಲ್ಲೆ ಎನ್ನಲು ನನಗೆ ಯಾವ ನೆವವೂ ಉಳಿದಿರಲಿಲ್ಲ. ಬೇಸಿಗೆ ಸೂಟಿ ಬಿದ್ದೊಡನೆ ಸೊಲ್ಲಾಪುರದಲ್ಲಿ ಮದ್ರಾಸಿನ ಗಾಡಿ ಹತ್ತಿದೆ. ಮದ್ರಾಸಿನಲ್ಲಿ ವೀಸಾಕ್ಕಾಗಿ ಎರಡು ದಿನ ಕಾದು, ಅಲ್ಲಿಂದ ರಾಮೇಶ್ವರಕ್ಕೆ ಬಂದೆ.

ನಾನು ಹತ್ತಬೇಕಿದ್ದ ಹಡಗು ಲಂಕೆಯಿಂದ ಜನರನ್ನು ತಂದಿತ್ತು. ಅಲ್ಲಿನ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ತಮಿಳು ಕುಟುಂಬಗಳನ್ನು ಆಗ ಹಿಂದೂಸ್ತಾನಕ್ಕೆ ಕಳಿಸುತ್ತಿದ್ದರು. ತಗಡಿನ ಟ್ರಂಕು, ಹಾಸಿಗೆ ಸುರುಳಿ, ಹೊಲಿಗೆ ಯಂತ್ರ ಹೊತ್ತುಕೊಂಡು ಅವರು ಇಳಿದರು. ತಾವು ಹುಟ್ಟಿದ ಊರನ್ನು ಬಿಟ್ಟು, ಎಂದೂ ನೋಡದ ತಾಯ್ನಾಡಿಗೆ ಬಂದವರು. ಒಬ್ಬ ಮುದುಕಿ ದಡದ ಮರಳಿನ ಮೇಲೆ ಕುಳಿತುಬಿಟ್ಟಳು. ಮಗ ಎಷ್ಟು ಕರೆದರೂ ಏಳಲಿಲ್ಲ. ಅವಳನ್ನು ನೋಡುತ್ತ ನಿಂತಿದ್ದ ನಾನು ನನ್ನ ಅಂಜಿಕೆಯನ್ನು ಮರೆತು ಹಡಗು ಹತ್ತಿದ್ದೆ.

ಸಮುದ್ರದ ಪಯಣ ಮೂರು ತಾಸಿನದು. ಏನೂ ಆಗಲಿಲ್ಲ. ನೀರು ನಮ್ಮ ಕೆರೆಯ ನೀರಿನಷ್ಟೇ ಶಾಂತವಾಗಿತ್ತು. ಇಷ್ಟಕ್ಕೇ ನಾನು ಒಂದು ವರ್ಷ ತಳ್ಳಿದೆನೇ ಎಂದು ಯೋಚಿಸುತ್ತ ಹಡಗಿನ ಕಂಬಿಗೆ ಹಣೆ ಹಚ್ಚಿ ಕುಳಿತೆ. ಪಕ್ಕದವರು ಹಡಗು ಒಗ್ಗಲಿಲ್ಲವೆಂದು ತಿಳಿದು ನಿಂಬೆಹಣ್ಣು ಕೊಟ್ಟರು.

ಆಚೆ ದಡದ ತಲೈಮನ್ನಾರಿನಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಪುಟ ತಿರುವಿ, ನನ್ನ ಹಿಂದೆ ಯಾರಿದ್ದಾರೆಂದು ಕತ್ತು ಚಾಚಿ ನೋಡಿದ.

“ನಿಮ್ಮ ಶ್ರೀಮತಿಯವರು ಎಲ್ಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಬಂದಿಲ್ಲ,” ಎಂದೆ.

“ಮುಂದಿನ ಸಲ ಕರೆದುಕೊಂಡು ಬನ್ನಿ. ನಮ್ಮ ದೇಶ ಹೆಂಗಸರಿಗೆ ಬಹಳ ಹಿಡಿಸುತ್ತದೆ,” ಎಂದು ನಕ್ಕು ಠಸ್ಸೆ ಒತ್ತಿದ. ನಾನೂ ನಕ್ಕೆ. ಆ ನಗುವಿಗಾಗಿ ಕೊಲಂಬೋ ಮುಟ್ಟುವವರೆಗೆ ರೈಲಿನಲ್ಲಿ ನನ್ನನ್ನು ನಾನೇ ಬೈದುಕೊಂಡೆ.

ಕೊಲಂಬೋದಲ್ಲಿ ಇಳಿದಾಗ ಮುಂಜಾನೆ. ಸ್ಟೇಷನ್ನಿನ ಹತ್ತಿರದ ಬಜಾರಿಗೆ ಅಲ್ಲಿ ಪೆಟ್ಟಾ ಎನ್ನುತ್ತಾರೆ. ನಮ್ಮ ಪೇಟೆ ಎಂಬ ಮಾತೇ ಇರಬೇಕೆಂದುಕೊಂಡೆ. ಅಲ್ಲಿ ಒಂದು ಸಣ್ಣ ಲಾಡ್ಜು ಸಿಕ್ಕಿತು. ಜಾಫ್ನಾ ಕಡೆಯ ತಮಿಳು ದಂಪತಿ ನಡೆಸುತ್ತಿದ್ದದ್ದು. ಯಜಮಾನರದು ಮಾತು ಕಡಿಮೆ. ಅವರ ಹೆಂಡತಿ ನಿವೃತ್ತ ಶಿಕ್ಷಕಿ, ಅರವತ್ತರ ಆಸುಪಾಸು, ಬಿಳಿ ಸೀರೆ, ದಪ್ಪ ಕನ್ನಡಕ. ನಾನೂ ಶಿಕ್ಷಕನೆಂದು ತಿಳಿದೊಡನೆ ಆಕೆ ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತರು. ಪಾಸ್‌ಪೋರ್ಟಿನ ವಿವರವನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತ ಫೋಟೋ ನೋಡಿದರು.

“ಚೆಲುವೆ. ಸ್ವಲ್ಪ ಸಿಟ್ಟಿನ ಸ್ವಭಾವವೇ?” ಎಂದು ಕೇಳಿದರು.

“ಇಲ್ಲ, ನಗುವ ಸ್ವಭಾವ.”

“ಏನು ಮಾಡುತ್ತಾಳೆ?”

“ನರ್ಸ್. ಊರಲ್ಲಿದ್ದಾಳೆ.”

ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು. ದಿನವೂ ಚಹಾದ ಹೊತ್ತಿಗೆ ಆಕೆ ಅವಳ ಬಗ್ಗೆ ಏನಾದರೂ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಚಕ್ಕಡಿಯಲ್ಲಿ ಹೆರಿಗೆಗೆ ಹೋಗುವುದು, ಜೋಳದ ರೊಟ್ಟಿ ಬಡಿಯುವಾಗ ರೇಡಿಯೋದ ಹಾಡಿಗೆ ತಾಳ ಹಾಕುವುದು. ಹೇಳುವಾಗ ಅವಳು ಹಿಪ್ಪರಗಿಯಲ್ಲಿ ಇದ್ದಾಳೆ ಎಂದೇ ಅನಿಸುತ್ತಿತ್ತು. ಆ ಸುಖಕ್ಕಾಗಿಯೇ ನಾನು ಚಹಾದ ಹೊತ್ತಿಗೆ ಕಾಯತೊಡಗಿದೆ. ಆ ಸುಳ್ಳಿಗೆ ಇಂದಿಗೂ ನಾಚುತ್ತೇನೆ.

ಊರು ಸುತ್ತಿದೆ. ಕೆಂಪು ಬಣ್ಣದ ಎರಡಂತಸ್ತಿನ ಬಸ್ಸಿನಲ್ಲಿ ಮೇಲೆ ಕುಳಿತು ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ಮರಳಿ ಬಂದೆ. ದೇಶದಲ್ಲಿ ಅಕ್ಕಿಯ ಕೊರತೆಯಿತ್ತು. ವಾರದಲ್ಲಿ ಕೆಲವು ದಿನ ಹೋಟೆಲಿನಲ್ಲಿ ಅನ್ನ ಬಡಿಸುವಂತಿರಲಿಲ್ಲ. ಬ್ರೆಡ್ಡು, ಕೊಬ್ಬರಿಯ ಖಾರದ ಚಟ್ನಿ ತಿಂದೆ. ಬ್ರೆಡ್ಡಿನ ಅಂಗಡಿಯ ಮುಂದೆ ಹೆಂಗಸರ ಉದ್ದನೆಯ ಸಾಲು. ಬುದ್ಧ ಪೂರ್ಣಿಮೆ ಹತ್ತಿರ ಬಂದಿದ್ದರಿಂದ ಅದೇ ಬೀದಿಯಲ್ಲಿ ಬಿದಿರಿನ ಕಡ್ಡಿ, ಬಣ್ಣದ ಕಾಗದದ ಆಕಾಶಬುಟ್ಟಿಗಳನ್ನು ಕಟ್ಟುತ್ತ ಕುಳಿತವರೂ ಇದ್ದರು.

ಎರಡನೆಯ ದಿನ ಊರ ಹೊರಗಿನ ಕೆಲಣಿಯ ವಿಹಾರಕ್ಕೆ ಹೋದೆ. ಬಿಳಿ ಬಟ್ಟೆಯ ಜನ ಬಟ್ಟಲಲ್ಲಿ ಹೂವು ಹಿಡಿದು ಸದ್ದಿಲ್ಲದೆ ನಡೆಯುತ್ತಿದ್ದರು. ಇಂಡಿ ಊರಿನ ನಮ್ಮ ಓಣಿಯಲ್ಲಿ ತಗಡಿನ ಚಪ್ಪರದ ಕೆಳಗೆ ನಾವು ಹೇಳುವ ಅದೇ ತ್ರಿಸರಣ, ಅದೇ ಪಾಳಿ ಭಾಷೆಯ ಮಾತುಗಳು ಅಲ್ಲಿ ಕೇಳಿಸಿದವು. ನಮ್ಮನ್ನು ಹೊರಗೆ ನಿಲ್ಲು ಎನ್ನುವವರು ಯಾರೂ ಇಲ್ಲದ ದೊಡ್ಡ ಗುಡಿಯೊಳಗೆ ನಾನು ಮೊದಲ ಸಲ ಕಾಲಿಟ್ಟಿದ್ದೆ. ಅಪ್ಪ ಇದ್ದಿದ್ದರೆ ಅತ್ತುಬಿಡುತ್ತಿದ್ದ. ಮನಸ್ಸಿಗೆ ಸಮಾಧಾನ ಸಿಗುತ್ತದೆಂದು ಬೋಧಿವೃಕ್ಷದ ಕೆಳಗೆ ತಾಸುಗಟ್ಟಲೆ ಕುಳಿತೆ. ಸಿಗಲಿಲ್ಲ. ಕಾಲು ಜೋಮು ಹಿಡಿದವು, ಎದ್ದು ಬಂದೆ.

ಮೂರನೆಯ ದಿನ ರೇಡಿಯೋ ಸ್ಟೇಷನ್ ಹುಡುಕಿಕೊಂಡು ಹೋದೆ. ಮರಗಳ ನಡುವೆ ಸಾದಾ ಕಟ್ಟಡ. ಗೇಟಿನವನಿಗೆ ಹಿಂದೂಸ್ತಾನದಿಂದ ಬಂದಿದ್ದೇನೆ, ಹಿಂದಿ ಹಾಡಿನ ವಿಭಾಗದವರನ್ನು ಕಾಣಬೇಕು ಎಂದೆ. ಅಂಥವರು ದಿನವೂ ಬರುತ್ತಿದ್ದರೋ ಏನೋ, ಅವನು ಅಚ್ಚರಿಪಡದೆ ಒಳಗೆ ಹೇಳಿ ಕಳಿಸಿದ. ಕೂದಲು ನರೆತ, ನಿಧಾನ ಮಾತಿನ ಒಬ್ಬರು ಹೊರಗೆ ಬಂದರು. ಅವರ ಧ್ವನಿ ಕೇಳಿದೊಡನೆ ಹಿಪ್ಪರಗಿಯ ಅಡುಗೆಮನೆಯ ಹೊಗೆ ಮೂಗಿಗೆ ಬಡಿದಂತಾಯಿತು. ಎಷ್ಟೋ ಮುಂಜಾನೆ ಅರೆನಿದ್ದೆಯಲ್ಲಿ ಕೇಳಿದ್ದ ಧ್ವನಿ ಅದು.

ಅವರು ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದರು. ಗೋಡೆಯುದ್ದಕ್ಕೂ ಕಾರ್ಡುಗಳ ಕಟ್ಟು. ಸುತಳಿ ಬಿಗಿದು ಸಾಲಾಗಿ ಒಟ್ಟಿದ್ದರು.

“ಎಲ್ಲವೂ ನಿಮ್ಮ ದೇಶದಿಂದ ಬಂದದ್ದು. ಎಷ್ಟು ಓದಿದರೂ ಮುಗಿಯುವುದಿಲ್ಲ,” ಎಂದರು ಹಿಂದಿಯಲ್ಲಿ. “ನೀವೂ ಬರೆದಿದ್ದಿರಾ?”

“ನನ್ನ ಹೆಂಡತಿ ಬರೆಯುತ್ತಿದ್ದಳು.”

“ಯಾವ ಊರಿಂದ?”

“ಹೂವಿನ ಹಿಪ್ಪರಗಿ.”

ಅವರು ಆ ಹೆಸರನ್ನು ಬಾಯೊಳಗೆ ಎರಡು ಸಲ ಅಂದುಕೊಂಡರು. ಎರಡನೆಯ ಸಲ ಹೆಚ್ಚು ಕಡಿಮೆ ಸರಿಯಾಗಿಯೇ ಬಂತು. “ಚೆಂದದ ಹೆಸರು. ಅರ್ಥವೇನು?” ಎಂದು ಕೇಳಿದರು. ಹೇಳಿದೆ. ಒಂದು ಕೋರಾ ಕಾಗದ, ಪೆನ್ನು ನನ್ನ ಮುಂದಿಟ್ಟರು. “ಹೆಸರು, ಊರು, ಹಾಡು ಬರೆಯಿರಿ. ಈ ವಾರದಲ್ಲೇ ಓದುತ್ತೇನೆ.”

ಹೆಸರು ಬರೆದೆ. ಊರು ಬರೆದೆ. ಪೆನ್ನು ಅಲ್ಲಿಗೆ ನಿಂತಿತು.

ಅವಳು ಯಾವ ಹಾಡು ಕೇಳುತ್ತಿದ್ದಳು? ಏಳು ವರ್ಷ ಅವಳ ಕಾರ್ಡುಗಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗಿ ವಿಜಾಪುರದ ಡಬ್ಬಿಗೆ ಹಾಕಿದ್ದೇನೆ. ಮುಚ್ಚಿದ ಲಕೋಟೆಯೂ ಅಲ್ಲ, ಬಿಚ್ಚಿದ ಕಾರ್ಡು. ಒಮ್ಮೆ ತಿರುವಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಿರಲಿಲ್ಲ. ಅವಳು ಗುನುಗುತ್ತಿದ್ದ ನಾಲ್ಕಾರು ಹಾಡುಗಳನ್ನು ನೆನಪು ಮಾಡಿಕೊಂಡೆ. ಅವುಗಳಲ್ಲಿ ಯಾವುದು ಅವಳಿಗೆ ಬೇಕಾಗಿತ್ತು, ಯಾವುದು ಸುಮ್ಮನೆ ಬಾಯಿಗೆ ಬಂದದ್ದು, ತಿಳಿಯಲಿಲ್ಲ.

“ಯಾವ ಹಾಡು?” ಎಂದು ಅವರು ಮತ್ತೆ ಕೇಳಿದರು.

“ಗೊತ್ತಿಲ್ಲ,” ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಏನನ್ನು ಊಹಿಸಿದರೋ. “ಮನೆಗೆ ಹೋಗಿ ಅವರನ್ನೇ ಕೇಳಿ ಬರೆದು ಕಳಿಸಿ,” ಎಂದು ಮೆತ್ತಗೆ ಹೇಳಿದರು. ನಾನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ನಮಸ್ಕಾರ ಮಾಡಿ ಹೊರಬಿದ್ದೆ. ಬಸ್ಸು ಹತ್ತಲಿಲ್ಲ. ದಾರಿ ಗೊತ್ತಿಲ್ಲದ ಊರಲ್ಲಿ ಬಿಸಿಲಲ್ಲಿ ನಡೆಯುತ್ತ ಹೋಗಿ ಸಮುದ್ರದ ದಂಡೆಯ ದೊಡ್ಡ ಬಯಲಿಗೆ ಬಂದೆ. ಗಂಡ ಹೆಂಡಿರು ಒಂದೇ ಛತ್ರಿಯ ನೆರಳಲ್ಲಿ ಒತ್ತಿ ಕುಳಿತಿದ್ದರು. ನಾನು ದೂರದ ಒಂದು ಕಲ್ಲಿನ ಮೇಲೆ ಕುಳಿತೆ. ಅವಳು ನನ್ನ ಬಗ್ಗೆ ಎಷ್ಟು ತಿಳಿದಿದ್ದಳು ಎಂದು ಯೋಚಿಸಿದೆ. ನನ್ನ ಊಟದ ಉಪ್ಪು, ನನ್ನ ತಲೆನೋವಿನ ದಿನ, ಯಾವ ಸಹೋದ್ಯೋಗಿಯ ಮಾತಿಗೆ ನೋಯುತ್ತೇನೆ ಎಂಬುದು. ಹಡಗಿನ ಅಂಜಿಕೆಯೂ ಅವಳಿಗೆ ತಿಳಿದೇ ಇದ್ದಿರಬಹುದು. ತಿಳಿದೂ ಕೇಳದೆ ಬಿಟ್ಟಿರಬಹುದು.

ನಾಲ್ಕನೆಯ ದಿನ ಎಲ್ಲಿಗೂ ಹೋಗಲಿಲ್ಲ. ಸಂಜೆ ಚಹಾದ ಹೊತ್ತಿಗೆ ಶಿಕ್ಷಕಿಯವರು ಒಂದು ಕಾಗದದ ಪೊಟ್ಟಣ ತಂದು ನನ್ನ ಮುಂದಿಟ್ಟರು. ಒಳಗೆ ಬಿಳಿ ದಾರದಲ್ಲಿ ಕೈಯಿಂದ ಹೆಣೆದ ಜಾಲರಿ, ರವಿಕೆಯ ತೋಳಿಗೆ ಹಚ್ಚುವಂಥದು.

“ಇದು ನನ್ನ ತಂಗಿ ಹೆಣೆದದ್ದು. ನಿಮ್ಮ ಹೆಂಡತಿಗೆ ಕೊಡಿ. ಕೊಲಂಬೋದ ಒಬ್ಬ ಟೀಚರ್ ಕೊಟ್ಟಳೆಂದು ಹೇಳಿ. ಮುಂದಿನ ವರ್ಷ ಇಬ್ಬರೂ ಬನ್ನಿ, ಮೇಲಿನ ಗಾಳಿಯ ಕೋಣೆ ನಿಮಗೇ.”

ಮುಂದಿನ ವರ್ಷ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚಹಾದ ಕಪ್ಪನ್ನು ಕೆಳಗಿಟ್ಟೆ.

“ನನ್ನ ಹೆಂಡತಿ ಸತ್ತುಹೋಗಿದ್ದಾಳೆ,” ಎಂದೆ.

ಇಂಗ್ಲಿಷಿನಲ್ಲಿ ಹೇಳಿದ ಆ ನಾಲ್ಕು ಶಬ್ದಗಳನ್ನು ನಾನು ಅಲ್ಲಿಯವರೆಗೆ ಯಾವ ಭಾಷೆಯಲ್ಲೂ ಆಡಿರಲಿಲ್ಲ. ಊರಲ್ಲಿ ಎಲ್ಲರಿಗೂ ಮೊದಲೇ ತಿಳಿದಿತ್ತು, ನಾನು ಹೇಳುವ ಪ್ರಸಂಗವೇ ಬಂದಿರಲಿಲ್ಲ. ಆಕೆ ಕನ್ನಡಕ ತೆಗೆದರು.

“ಯಾವಾಗ?”

“ಮೂರು ತಿಂಗಳಾಯಿತು. ನಿಮಗೆ ಸುಳ್ಳು ಹೇಳಿದೆ. ಕ್ಷಮಿಸಿ.”

ಆಕೆ ಬೈಯಲಿಲ್ಲ. ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ನಾನು ಅತ್ತುಬಿಟ್ಟೆ. ವಿಜಾಪುರದ ಆಸ್ಪತ್ರೆಯಲ್ಲಿ ಅಳದವನು, ಮಣ್ಣು ಕೊಡುವಾಗ ಅಳದವನು, ಕೊಲಂಬೋದ ಲಾಡ್ಜಿನಲ್ಲಿ ಪರದೇಶದ ಒಬ್ಬ ಹೆಂಗಸಿನ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ. ಒಳಗಿನಿಂದ ಯಜಮಾನರು ಬಂದು ನೋಡಿ, ಬೀದಿಯ ಬಾಗಿಲು ಹಾಕಿ ಒಳಗೆ ಹೋದರು. ಅತ್ತು ಸಾಕಾದ ಮೇಲೆ ಪೇಪರಿನ ನೆವ, ಒಂದು ವರ್ಷ ತಳ್ಳಿದ್ದು, ಗೊತ್ತಿರದ ಹಾಡು, ಎಲ್ಲವನ್ನೂ ಹೇಳಿದೆ.

“ನಾನು ಮೂವತ್ತಾರು ವರ್ಷ ಅವರೊಂದಿಗೆ ಬಾಳಿದ್ದೇನೆ,” ಎಂದು ಆಕೆ ಒಳಕೋಣೆಯ ಕಡೆ ಕೈ ತೋರಿಸಿದರು. “ಅವರಿಗೆ ಯಾವ ಹಾಡು ಇಷ್ಟ ಎಂದು ನನ್ನನ್ನು ಕೇಳಿದರೆ ನನಗೂ ಗೊತ್ತಿಲ್ಲ.” ಕನ್ನಡಕ ಮತ್ತೆ ಹಾಕಿಕೊಂಡು, “ಇವತ್ತು ಕೇಳುತ್ತೇನೆ,” ಎಂದರು.

ಎಂಟು ದಿನ ಇರಬೇಕೆಂದು ಹೋದವನು ಐದನೆಯ ದಿನವೇ ಹೊರಟೆ. ಜಾಲರಿಯ ಪೊಟ್ಟಣವನ್ನು ಆಕೆ ಮರಳಿ ತೆಗೆದುಕೊಳ್ಳಲಿಲ್ಲ.

ಸಿಂದಗಿಯಲ್ಲಿ ಅತ್ತೆ ಎಲ್ಲ ಕೇಳಿದರು. ಗುಡಿ ಹೇಗಿತ್ತು, ಬಸ್ಸು ಹೇಗಿತ್ತು, ಜನ ಏನು ಉಣ್ಣುತ್ತಾರೆ. ರೇಡಿಯೋದ ಮನೆ ನೋಡಿದೆಯಾ ಎಂದು ಕೇಳಿದಾಗ, ನೋಡಿದೆ, ದೊಡ್ಡದೈತಿ ಎಂದಷ್ಟೇ ಹೇಳಿದೆ. ಪೊಟ್ಟಣ ಕೊಟ್ಟೆ. ಅತ್ತೆ ಜಾಲರಿಯನ್ನು ಬೆರಳಲ್ಲಿ ಎಳೆದು ನೋಡಿ, “ಗಟ್ಟಿ ಹೆಣದಾರ,” ಎಂದು ಟ್ರಂಕಿನೊಳಗಿಟ್ಟರು.

ಎರಡು ವರ್ಷದ ಮೇಲೆ ನಾನು ಮತ್ತೆ ಮದುವೆಯಾದೆ. ಮುದ್ದೇಬಿಹಾಳದ ಹೆಣ್ಣು, ಹುಡುಕಿದ್ದು ಅತ್ತೆಯೇ. ನನಗೆ ಮನಸ್ಸಿರಲಿಲ್ಲ. ಆದರೆ ಆ ಹೊತ್ತಿಗೆ ಒಲ್ಲೆ ಎನ್ನುವ ಬಲವೂ ಇರಲಿಲ್ಲ. ಈಕೆ ಒಳ್ಳೆಯವಳು. ಎರಡು ಮಕ್ಕಳಾದವು. ಮದುವೆಯಾದ ಹೊಸದರಲ್ಲಿ ಈಕೆಗೆ ಏನು ಇಷ್ಟ, ಏನು ಇಷ್ಟವಿಲ್ಲ ಎಂದು ನಾನು ಎಷ್ಟು ಕೇಳುತ್ತಿದ್ದೆನೆಂದರೆ, ಒಂದು ದಿನ ಬೇಸತ್ತು, “ಪೊಲೀಸರ್ಹಂಗ ಯಾಕ ಕೇಳತೀರಿ? ನನಗ ಎಲ್ಲಾ ನಡೀತೈತಿ,” ಅಂದಳು. ಕಾರಣ ಹೇಳಲಿಲ್ಲ. ಹೇಳಬೇಕಿತ್ತೇನೋ.

ಮದುವೆಯ ದಿನ ಅತ್ತೆ ಸಿಂದಗಿಯಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮರಳಿ ಹೋಗುವಾಗ ಬಸ್ ಸ್ಟ್ಯಾಂಡಿನವರೆಗೆ ಅವರ ಗಂಟು ಹೊತ್ತುಕೊಂಡು ಹೋದೆ. ಬಸ್ಸಿನ ಕಿಟಕಿಯಿಂದ ನನ್ನ ಕೈ ಹಿಡಿದು, “ಇನ್ನ ಸಿಂದಗಿ ನಿನಗ ಮುಗೀತು ಅಂತ ತಿಳ್ಕೋಬ್ಯಾಡ. ಹಬ್ಬಕ್ಕ ಆಕಿನ್ನೂ ಕರ್ಕೊಂಡು ಬಾ,” ಎಂದರು. ಅತ್ತೆ ಬದುಕಿದ್ದಷ್ಟು ದಿನ ನಾವು ಪ್ರತಿ ವರ್ಷ ಹೋದೆವು. ಈಕೆ ಅಲ್ಲಿ ಮಗಳಂತೆ ಒಲೆ ಹಚ್ಚುತ್ತಿದ್ದಳು, ಅತ್ತೆ ಹಿಟ್ಟು ನಾದಿ ಕೊಡುತ್ತಿದ್ದರು, ನಾನು ಕಟ್ಟೆಯ ಮೇಲೆ ಕುಳಿತು ಅವರಿಬ್ಬರ ಮಾತು ಕೇಳುತ್ತಿದ್ದೆ.